ರೇಟು ನೋಡಿ ಬರುವ ಜೇನು

ಸ್ವಾವಲಂಬನೆಯ ಬಗ್ಗೆ ಭಾಷಣ ಮಾಡುವವರಿಗೆ ಮೊದಲು ಒಂದು ಮೈಕು ಬೇಕು. ಮೈಕಿಗೆ ಕರೆಂಟು ಬೇಕು, ಕರೆಂಟು ಹೋದರೆ ಜನರೇಟರು ಬೇಕು, ಜನರೇಟರಿಗೆ ಡೀಸೆಲ್ ಹಾಕಲು ಮೈಕ್‌ಸೆಟ್ಟಿನ ಹುಡುಗ ಬೇಕು, ಆ ಹುಡುಗ ಬೀಡಿ ಸೇದಲು ಮರೆಗೆ ಹೋಗಿದ್ದರೆ ಅವನನ್ನು ಹುಡುಕಿ ತರಲು ಇನ್ನೊಬ್ಬ ಬೇಕು. ಇಷ್ಟೆಲ್ಲ ಕೂಡಿಬಂದ ಮೇಲೆ ಮಹನೀಯರು ಗಂಟಲು ಸರಿಮಾಡಿಕೊಂಡು, ಮನುಷ್ಯನಾದವನು ಯಾರ ಹಂಗಿನಲ್ಲೂ ಬದುಕಬಾರದು ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಬೀಳದಿದ್ದರೆ ಅವರ ಮುಖ ನೋಡಬೇಕು!

ಇವರದ್ದಾದರೂ ಸಹಿಸಬಹುದು. ಹಂಗನ್ನು ಹೊಗಳುವವರು ಇನ್ನೊಂದು ಗುಂಪು. ಪ್ರಕೃತಿಯಲ್ಲಿ ಎಲ್ಲರೂ ಎಲ್ಲರಿಗಾಗಿ, ಹೂವು ದುಂಬಿಗಾಗಿ, ದುಂಬಿ ಹೂವಿಗಾಗಿ ಎಂದು ಕಣ್ಣು ಅರೆಮುಚ್ಚಿ ಹೇಳುತ್ತಾರೆ. ಇವರನ್ನು ಕರೆದುಕೊಂಡು ಹೋಗಿ ಒಂದು ದಿನ ಅತ್ತಿಮರದ ಬುಡದಲ್ಲಿ ಕೂರಿಸಬೇಕು ಅಂತ ನನ್ನಾಸೆ. ಅಲ್ಲಿ ನಡೆಯುವುದು ಪ್ರೇಮಕಥೆಯಲ್ಲ; ಅಪ್ಪಟ ಚೌಕಾಸಿ.

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಗಾದೆ. ಹೊರಗೆ ಥಳುಕು, ಒಳಗೆ ಹುಳುಕು ಎಂದು ಯಾರಿಗೋ ಕುಟುಕಲು ನಾವಿದನ್ನು ಬಳಸುತ್ತೇವೆ. ಗಾದೆ ಕಟ್ಟಿದವರು ಹುಳ ಕಂಡು ಮೂಗು ಮುರಿದರೇ ಹೊರತು, ಆ ಹುಳ ಇಲ್ಲದಿದ್ದರೆ ಹಣ್ಣೇ ಇಲ್ಲ ಎನ್ನುವ ಮುಂದಿನ ಸಂಗತಿಯನ್ನು ಹೇಳಲಿಲ್ಲ. ಹೇಳಿದ್ದರೆ ಗಾದೆ ಉದ್ದವಾಗುತ್ತಿತ್ತು, ಬೈಗುಳದ ಖಾರವೂ ಇಳಿಯುತ್ತಿತ್ತು.

ಸಂಗತಿ ಹೀಗಿದೆ. ಅತ್ತಿಯ ಹೂ ಕಂಡವರಿಲ್ಲ ಅನ್ನುತ್ತಾರಲ್ಲ, ಅದಕ್ಕೆ ಕಾರಣ ಹೂವೆಲ್ಲ ಕಾಯಿಯ ಒಳಗೇ ಇರುವುದು. ಕಾಂಡಕ್ಕೆ ಗೊಂಚಲು ಗೊಂಚಲಾಗಿ ಅಂಟಿಕೊಂಡ ಆ ಪುಟ್ಟ ಗುಂಡುಗಳು ನೂರಾರು ಹೂಗಳನ್ನು ಒಳಗಿಟ್ಟುಕೊಂಡ ಡಬ್ಬಿಗಳು. ಡಬ್ಬಿಗೆ ತುದಿಯಲ್ಲಿ ಒಂದೇ ಒಂದು ಬಾಗಿಲು, ಅದೂ ಸೂಜಿಮೊನೆಯಷ್ಟು. ಅದರೊಳಗೆ ತೂರಬಲ್ಲದ್ದು ಒಂದು ಪುಟಾಣಿ ಕಣಜ ಮಾತ್ರ. ನಮ್ಮ ಅತ್ತಿಗೆ ಗೊತ್ತಾದ ಕಣಜಕ್ಕೆ ಸೆರಟೊಸೋಲೆನ್ ಫ್ಯೂಸಿಸೆಪ್ಸ್ ಎಂದು ಹೆಸರು. ಹೆಸರು ಅದರ ಮೈಯಿಗಿಂತ ಉದ್ದ. ಹೆಣ್ಣು ಕಣಜ ಒಳಗೆ ನುಗ್ಗುವಾಗ ಬಾಗಿಲು ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಮುರಿದು ಹೊರಗೇ ಉಳಿಯುತ್ತದೆ. ಇನ್ನು ವಾಪಸು ಬರುವ ಮಾತಿಲ್ಲ. ತಾನು ತಂದ ಪರಾಗವನ್ನು ಒಳಗಿನ ಹೂಗಳಿಗೆ ಹಚ್ಚುತ್ತಾಳೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತಾಳೆ, ಅಲ್ಲೇ ಸಾಯುತ್ತಾಳೆ. ಮೊಟ್ಟೆ ಬಿದ್ದ ಹೂವು ಮರಿಗೆ, ಬೀಳದ ಹೂವು ಬೀಜಕ್ಕೆ. ಇದು ಒಪ್ಪಂದ.

ಮುಂದೆ ಗಂಡುಗಳ ಸರದಿ. ರೆಕ್ಕೆಯಿಲ್ಲ, ಕಣ್ಣು ಸರಿಯಾಗಿ ಕಾಣದು. ಹುಟ್ಟಿದ ಡಬ್ಬಿಯಲ್ಲೇ ಮದುವೆ; ಮದುವೆ ಮುಗಿದ ಕೂಡಲೇ ಹೆಂಡಿರು ಹೊರಗೆ ಹೋಗಲಿ ಎಂದು ಗೋಡೆ ಕೊರೆದು ದಾರಿ ಮಾಡಿಕೊಡುವುದು; ದಾರಿ ಮುಗಿದ ಮೇಲೆ ಪ್ರಾಣ ಬಿಡುವುದು. ಸಂಸಾರಸ್ಥರಾದ ಗಂಡಸರು ಈ ಸಾಲನ್ನು ಎರಡು ಸಲ ಓದಬಾರದಾಗಿ ವಿನಂತಿ. ಹೆಣ್ಣುಗಳು ಪರಾಗ ತುಂಬಿಕೊಂಡು ಹಾರುತ್ತವೆ. ಅವಕ್ಕಿರುವ ಆಯುಷ್ಯ ಒಂದೆರಡು ದಿನ. ಅಷ್ಟರಲ್ಲಿ ಇನ್ನೊಂದು ಅತ್ತಿಮರ, ಅದೂ ಸರಿಯಾದ ಹದದಲ್ಲಿ ಕಾಯಿ ಬಿಟ್ಟ ಮರ ಸಿಗಬೇಕು. ಅದಕ್ಕೇ ಅತ್ತಿಮರಗಳು ಎಲ್ಲವೂ ಒಟ್ಟಿಗೆ ಕಾಯಿ ಬಿಡುವುದಿಲ್ಲ. ವರ್ಷವಿಡೀ ಸೀಮೆಯಲ್ಲಿ ಎಲ್ಲೋ ಒಂದು ಮರ ಡಬ್ಬಿ ತೆರೆದು ಕಾಯುತ್ತಿರಬೇಕು. ಇವರ ಈ ಸಂಬಂಧ ಕೋಟಿಗಟ್ಟಲೆ ವರ್ಷಗಳಷ್ಟು ಹಳೆಯದು.

ಇಷ್ಟು ಹಳೆಯ ಸಂಬಂಧವಾದರೂ ನಂಬಿಕೆ ಎಷ್ಟರಮಟ್ಟಿಗೆ ಅಂತೀರಿ? ಪರಾಗ ತಾರದೆ ಮೊಟ್ಟೆ ಮಾತ್ರ ಇಟ್ಟು ಜಾರಿಕೊಳ್ಳಲು ನೋಡಿದರೆ, ಕೆಲವು ಜಾತಿಯ ಅತ್ತಿಗಳು ಆ ಕಾಯನ್ನೇ ಉದುರಿಸಿಬಿಡುತ್ತವೆ. ಮೊಟ್ಟೆಯೂ ಹೋಯಿತು, ಮನೆಯೂ ಹೋಯಿತು. ಇದರ ನಡುವೆ ಪುಕ್ಕಟೆ ಗಿರಾಕಿಗಳೂ ಉಂಟು: ಒಳಗೆ ಹೋಗುವ ರಗಳೆಯೇ ಬೇಡ ಎಂದು ಹೊರಗಿನಿಂದಲೇ ಉದ್ದ ಸೂಜಿ ಚುಚ್ಚಿ ಮೊಟ್ಟೆ ಇಟ್ಟು ಹೋಗುವ ಬೇರೆ ಕಣಜಗಳು. ಅವನ್ನು ಓಡಿಸಲು ಮರದ ಮೇಲೆ ಚಗಳಿ ಇರುವೆಗಳ ಪಹರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ಶಿಷ್ಯರು ವರ್ಷಗಟ್ಟಲೆ ಅತ್ತಿಯ ಈ ವ್ಯವಹಾರವನ್ನೇ ನೋಡುತ್ತ ಕೂತಿದ್ದಾರೆ. ಒಂದು ಮರದ ಕಾಯಿಯೊಳಗಿನ ಜಗಳಕ್ಕೆ ಇಷ್ಟು ವಿದ್ವಾಂಸರು ಬೇಕಾಗುವುದಾದರೆ ನಮ್ಮೂರಿನ ಸೊಸೈಟಿ ಎಲೆಕ್ಷನ್ನಿಗೆ ಎಷ್ಟು ಜನ ಬೇಕೋ.

ಅತ್ತಿಮರವನ್ನು ಬಿಡಿ, ನಮ್ಮ ಮೈಯನ್ನೇ ನೋಡಿ. ನಮ್ಮ ಜೀವಕೋಶಗಳೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಇದೆಯಲ್ಲ, ಅದು ಒಂದಾನೊಂದು ಕಾಲದಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿದ್ದ ಬ್ಯಾಕ್ಟೀರಿಯಾ. ನೂರು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಯಾವುದೋ ಕೋಶದೊಳಗೆ ಸೇರಿಕೊಂಡದ್ದು ಹೊರಗೆ ಬರಲೇ ಇಲ್ಲ. ಲಿನ್ ಮಾರ್ಗುಲಿಸ್ ಎಂಬ ವಿಜ್ಞಾನಿ 1967ರಲ್ಲಿ ಈ ವಾದ ಮಂಡಿಸಿದಾಗ ನಂಬದವರೇ ಹೆಚ್ಚು. ನಾವಾಗಿದ್ದರೆ ತಕ್ಷಣ ನಂಬುತ್ತಿದ್ದೆವು. ಗೇಣಿಗೆ ಬಂದವನು ಡಿಕ್ಲರೇಷನ್ ಹಾಕಿ ಭೂಮಿಯ ಒಡೆಯನಾಗುವುದನ್ನು 1974ರ ಕಾನೂನಿನ ನಂತರ ಊರೂರಲ್ಲಿ ಕಂಡವರು ನಾವು. ವ್ಯತ್ಯಾಸವಿಷ್ಟೇ: ಈ ಗೇಣಿದಾರನನ್ನು ಬಿಡಿಸಿದರೆ ಒಡೆಯನೂ ಅಲ್ಲೇ ಹೋದ.

ಇನ್ನು ಮನುಷ್ಯನ ವಿಷಯ. ಅವನೂ ಒಂದು ಗಿಡಕ್ಕೆ ಕಣಜವಾಗಿ ಕೆಲಸಕ್ಕೆ ಸೇರಿದ್ದಾನೆ. ಅದನ್ನು ನಾನು ಕಣ್ಣಾರೆ ಕಂಡದ್ದು ಸಾಗರದ ಕಡೆ ನಮ್ಮ ಭಾವನ ಅಡಿಕೆ ತೋಟದಲ್ಲಿ.

ವೆನಿಲ್ಲಾ ಮೂಲತಃ ಮೆಕ್ಸಿಕೋದ ಬಳ್ಳಿ, ಆರ್ಕಿಡ್ ಜಾತಿಯದ್ದು. ಅಲ್ಲಿ ಅದರ ಹೂವಿಗೆ ಅಲ್ಲಿಯದೇ ಜೇನುನೊಣಗಳಿದ್ದವು. ಯುರೋಪಿನವರು ಬಳ್ಳಿಯನ್ನು ಕಿತ್ತು ತಂದರು, ನೊಣವನ್ನು ತರಲಿಲ್ಲ. ಬಳ್ಳಿ ಹಬ್ಬಿತು, ಹೂ ಬಿಟ್ಟಿತು, ಒಂದೂ ಕೋಡು ಕಚ್ಚಲಿಲ್ಲ. ಯಾಕೆಂದರೆ ಈ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಪಕ್ಕಪಕ್ಕದಲ್ಲೇ ಇದ್ದರೂ ನಡುವೆ ತೆಳುವಾದೊಂದು ಪರದೆ ಇದೆ. ಮಾತುಕತೆ ನಿಂತ ಗಂಡಹೆಂಡಿರು ಒಂದೇ ಕೋಣೆಯಲ್ಲಿ ಇದ್ದಂತೆಯೇ ಸರಿ. ಮೂರನೆಯವರು ಬಂದು ಪರದೆ ಸರಿಸಬೇಕು. 1836ರಲ್ಲಿ ಬೆಲ್ಜಿಯಂನ ಲಿಯೇಜ್ ನಗರದಲ್ಲಿ ಚಾರ್ಲ್ಸ್ ಮೊರೆನ್ ಎಂಬ ಸಸ್ಯವಿಜ್ಞಾನಿ ಕೈಯಿಂದಲೇ ಪರಾಗಸ್ಪರ್ಶ ಮಾಡಿ ಕಾಯಿ ಬಿಡಿಸಿದ. ಆದರೆ ತೋಟದವರ ಕೈಗೆ ನಿಜವಾಗಿ ವಿದ್ಯೆ ಕೊಟ್ಟವನು 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಹನ್ನೆರಡು ವರ್ಷದ ಒಬ್ಬ ಗುಲಾಮ ಹುಡುಗ, ಎಡ್ಮಂಡ್. ಒಂದು ಕಡ್ಡಿಯಿಂದ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗ ಒತ್ತಿದ. ಯಜಮಾನ ಬೆಳ್ಯೆ ಬೋಮೊಂ ತೋಟದಲ್ಲಿ ತಿರುಗುತ್ತ ಬಳ್ಳಿಯಲ್ಲಿ ಎರಡು ಕೋಡು ಕಂಡು ಹೌಹಾರಿದನಂತೆ. ಗುಲಾಮಗಿರಿ ರದ್ದಾದದ್ದು 1848ರಲ್ಲಿ. ಹುಡುಗನಿಗೆ ಆಲ್ಬಿಯಸ್ ಎಂಬ ಅಡ್ಡಹೆಸರು ಸಿಕ್ಕಿದ್ದೂ ಆವಾಗಲೇ. ಅವನ ಬೆರಳಿನ ವಿದ್ಯೆಯಿಂದ ದ್ವೀಪ ಶ್ರೀಮಂತವಾಯಿತು. ಅವನು 1880ರಲ್ಲಿ ಬಡತನದಲ್ಲೇ ಸತ್ತ. ಅತ್ತಿಮರದ ಗಂಡು ಕಣಜಕ್ಕಾದರೂ ದಾರಿ ಕೊರೆದದ್ದು ತನ್ನವರಿಗಾಗಿ ಎಂಬ ಸಮಾಧಾನವಿತ್ತು.

ನಮ್ಮ ಮಲೆನಾಡಿಗೆ ವೆನಿಲ್ಲಾ ಹುಚ್ಚು ಹಿಡಿದದ್ದು 2000ದ ಏಪ್ರಿಲಿನ ನಂತರ. ಜಗತ್ತಿನ ವೆನಿಲ್ಲಾದಲ್ಲಿ ದೊಡ್ಡ ಪಾಲು ಬೆಳೆಯುವ ಮಡಗಾಸ್ಕರಿಗೆ ಆ ತಿಂಗಳು ಹುದಾ ಚಂಡಮಾರುತ ಬಡಿಯಿತು. ಅಲ್ಲಿ ಬಳ್ಳಿ ನೆಲಕಚ್ಚಿತು, ಇಲ್ಲಿ ನಮ್ಮ ಭಾವ ಎದ್ದು ಕೂತರು. 2003ರ ಹೊತ್ತಿಗೆ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಎಂಬ ಮಾತು ತೀರ್ಥಹಳ್ಳಿಯಿಂದ ಪುತ್ತೂರಿನವರೆಗೆ ಸುತ್ತಾಡುತ್ತಿತ್ತು. ಅಡಿಕೆ ಮರದ ನಡುವೆ ಗೊಬ್ಬರದ ಗಿಡ ನೆಟ್ಟು ಬಳ್ಳಿ ಹಬ್ಬಿಸಿದರು. ಬಳ್ಳಿಯ ತುಂಡಿಗೂ ರೇಟು, ಕಳ್ಳರ ಭಯ, ರಾತ್ರಿ ಕಾವಲು, ಕಾವಲಿಗೊಂದು ನಾಯಿ, ನಾಯಿಗೊಂದು ಗೂಡು.

ಹೂ ಬಿಡುವ ಕಾಲದಲ್ಲಿ ಆ ಮನೆಗೆ ಹೋದವನಿಗೆ ಬೆಳಗಿನ ಕಾಫಿ ಕೊಡುವವರೇ ಇರಲಿಲ್ಲ. ಎಲ್ಲರೂ ತೋಟದಲ್ಲಿ. ವೆನಿಲ್ಲಾ ಹೂವು ಅರಳುವುದು ನಸುಕಿಗೆ, ಮಧ್ಯಾಹ್ನಕ್ಕೆ ಬಾಡಿಯಾಯಿತು; ಅಷ್ಟರೊಳಗೆ ಕೆಲಸ ಮುಗಿಯಬೇಕು. ಒಂದು ಗೊಂಚಲಿನ ಹೂಗಳೆಲ್ಲ ಒಂದೇ ದಿನ ಅರಳುವ ಸೌಜನ್ಯವೂ ಅದಕ್ಕಿಲ್ಲ, ದಿನಕ್ಕೊಂದೆರಡು. ಹೀಗಾಗಿ ವಾರಗಟ್ಟಲೆ ಹಾಜರಿ. ಭಾವ ತೆಂಗಿನ ಗರಿಯ ಕಡ್ಡಿ ಚೂಪು ಮಾಡಿಕೊಂಡು, ಎಡಗೈಯಲ್ಲಿ ಹೂವು ಹಿಡಿದು, ದಳ ಸೀಳಿ, ಉಸಿರು ಬಿಗಿಹಿಡಿದು ಪರದೆ ಎತ್ತಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುವುದನ್ನು ನೋಡಬೇಕಿತ್ತು. ಜನ್ಮದಲ್ಲಿ ಒಂದು ಸೂಜಿಗೆ ದಾರ ಪೋಣಿಸಿದವರಲ್ಲ. ಮರುದಿನವೂ ಹೂವು ಉದುರದೆ ನಿಂತಿದ್ದರೆ ಕಚ್ಚಿತು ಅಂತ ಲೆಕ್ಕ. ಆಮೇಲೆ ಕೋಡು ಬಲಿಯಲು ಒಂಬತ್ತು ತಿಂಗಳು. ಬೇಡ, ಆ ತಿಂಗಳ ಲೆಕ್ಕಕ್ಕೆ ಅಕ್ಕ ಮಾಡಿದ ತಮಾಷೆಯನ್ನು ಇಲ್ಲಿ ಬರೆಯಲಾಗದು. ಕೊಯ್ದ ಕೋಡನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಬಿಸಿಲಿಗೆ ಹಾಕಿ ತೆಗೆದು ಹದಮಾಡಬೇಕು. ಆ ವರ್ಷ ಮನೆಯ ಒಳ್ಳೆಯ ಕಂಬಳಿಗಳೆಲ್ಲ ವೆನಿಲ್ಲಾದ ಪಾಲಾಗಿ ಮನುಷ್ಯರು ಹಳೇ ಸೀರೆ ಹೊದ್ದು ಮಲಗಿದರು.

ಇಲ್ಲಿ ಯಾರು ಯಾರನ್ನು ಸಾಕಿದ್ದು? ಭಾವ ತಾನು ವೆನಿಲ್ಲಾ ಬೆಳೆಯುತ್ತಿದ್ದೇನೆ ಅಂದುಕೊಂಡಿದ್ದರು. ವೆನಿಲ್ಲಾದ ಕಡೆಯಿಂದ ನೋಡಿದರೆ ಮೆಕ್ಸಿಕೋದ ಕಾಡಿನಲ್ಲಿ ಒಂದು ಸಣ್ಣ ನೊಣವನ್ನು ನೆಚ್ಚಿಕೊಂಡಿದ್ದ ಬಳ್ಳಿ, ಈಗ ಪಂಚೆ ಎತ್ತಿ ಕಟ್ಟಿದ, ಎಲೆಯಡಿಕೆ ಹಾಕಿದ, ಎಪ್ಪತ್ತು ಕಿಲೋ ತೂಕದ ನೊಣವನ್ನು ಸಂಪಾದಿಸಿತ್ತು. ಗೊಬ್ಬರ ಹಾಕುವ, ನೀರು ಬಿಡುವ, ಕಾವಲಿಗೆ ನಾಯಿ ಕಟ್ಟುವ ನೊಣ!

ಆದರೆ ಈ ನೊಣಕ್ಕೊಂದು ಐಬಿತ್ತು. ಅದು ಪೇಪರು ಓದುತ್ತಿತ್ತು.

ಐಸ್‌ಕ್ರೀಮು, ಬಿಸ್ಕತ್ತು ಮಾಡುವವರು ಇಷ್ಟು ದುಡ್ಡು ಕೊಟ್ಟು ಕೋಡು ಕೊಳ್ಳಲು ಒಪ್ಪಲಿಲ್ಲ. ವೆನಿಲ್ಲಾದ ಘಮವನ್ನು ಪ್ರಯೋಗಾಲಯದಲ್ಲಿ ತಯಾರಿಸುವ ವಿದ್ಯೆ ಜರ್ಮನ್ನರಿಗೆ 1874ರಲ್ಲೇ ಒಲಿದಿತ್ತು; ಈಗ ನಾವು ನೆಕ್ಕುವ ವೆನಿಲ್ಲಾ ಐಸ್‌ಕ್ರೀಮಿನಲ್ಲಿ ಬಹುಪಾಲಿಗೆ ಬಳ್ಳಿಯ ಪರಿಚಯವೇ ಇಲ್ಲ, ಪೆಟ್ರೋಲಿಯಂ ಕಡೆಯ ನೆಂಟಸ್ತಿಕೆ. ಕೊಳ್ಳುವವರು ಅತ್ತ ಸರಿದರು, ಮಡಗಾಸ್ಕರಿನ ಹೊಸ ಬಳ್ಳಿಗಳೂ ಇತ್ತ ಫಸಲಿಗೆ ಬಂದವು. 2005ರ ಸುಮಾರಿಗೆ ರೇಟು ಪಾತಾಳಕ್ಕೆ. ಮರುವರ್ಷವೂ ಹೂ ಅರಳಿತು, ಪಾಪ, ಅದಕ್ಕೇನು ಗೊತ್ತು. ಭಾವ ಮಾತ್ರ ಬರಲಿಲ್ಲ. ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದರು. ಅತ್ತಿಯ ಕಣಜ ಕೋಟಿಗಟ್ಟಲೆ ವರ್ಷದಲ್ಲಿ ಒಂದು ಬೆಳಿಗ್ಗೆಯೂ ಈ ಸಲ ಅತ್ತಿಗೆ ರೇಟಿಲ್ಲ ಎಂದು ಮನೆಯಲ್ಲಿ ಕೂತದ್ದಿಲ್ಲ. ನಮ್ಮ ಕುಲಕ್ಕೆ ಆ ಸೌಲಭ್ಯವಿದೆ. ಪರಸ್ಪರ ಅವಲಂಬನೆಯ ಬಗ್ಗೆ ಮನುಷ್ಯ ಪ್ರಬಂಧ ಬರೆಯುವಾಗ ನನಗೆ ಗುಮಾನಿ ಬರುವುದು ಈ ಕಾರಣಕ್ಕೆ: ಬಿಟ್ಟುಹೋಗುವ ಬಾಗಿಲು ಇರುವವನು ಇದನ್ನು ಮಾತಾಡುತ್ತಾನೆ, ಬಾಗಿಲಿಲ್ಲದ್ದು ರೆಕ್ಕೆ ಮುರಿದುಕೊಂಡು ಒಳಗೆ ಹೋಗುತ್ತದೆ.

ಇದನ್ನೇ ಭಾವನಿಗೆ ಹೇಳಿದೆ. ಅವರು ಫೋನಿನಿಂದ ತಲೆ ಎತ್ತದೆ, 'ನೀ ಈಗ ಇದ್ಯಲ್ಲ, ಈ ಡಬ್ಬಿಯೊಳಗೆ, ಅದಕ್ಕೇನು ಹೇಳ್ತೆ ಮಾರಾಯ?' ಎಂದರು. ಡಬ್ಬಿ ಅಂದದ್ದು ನನ್ನ ಫೋನನ್ನು. ಸುಮ್ಮನೆ ಹೇಳಿದ್ದಲ್ಲ. ಕರೆಂಟ್ ಬಿಲ್ ಕಟ್ಟಲು ಕೂತವನು ಹತ್ತು ನಿಮಿಷದಿಂದ ಟ್ರಾಫಿಕ್ ಲೈಟು ಇರುವ ಚೌಕಗಳನ್ನು ಒತ್ತುತ್ತಿದ್ದೆ. ನಾನು ರೋಬಾಟ್ ಅಲ್ಲ ಎಂದು ಒಂದು ರೋಬಾಟಿಗೆ ಪ್ರಮಾಣ ಮಾಡುವ ಆ ಪರೀಕ್ಷೆ ಇದೆಯಲ್ಲ, ಅದು. ಕಂಬದ ತುದಿ ಮಾತ್ರ ಕಂಡ ಚೌಕವನ್ನು ಒತ್ತಬೇಕೋ ಬಿಡಬೇಕೋ ತಿಳಿಯದೆ ಎರಡು ಸಲ ಫೇಲಾದೆ.

ಈ ಪರೀಕ್ಷೆಯ ಹಿಂದಿನ ಕತೆ ಅತ್ತಿಯ ಕತೆಯಷ್ಟೇ ಸ್ವಾರಸ್ಯದ್ದು. ಲೂಯಿಸ್ ವಾನ್ ಆನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ವಕ್ರ ಅಕ್ಷರಗಳನ್ನು ಓದಿಸುವ ಪರೀಕ್ಷೆ ಕಟ್ಟಿದರು. ಜನ ದಿನವೂ ಇಷ್ಟೊಂದು ಕ್ಷಣಗಳನ್ನು ಇದಕ್ಕೆ ಸುರಿಯುತ್ತಾರಲ್ಲ, ವ್ಯರ್ಥವಾಗುವುದು ಬೇಡ ಎಂದು 2007ರಲ್ಲಿ ಹೊಸ ಉಪಾಯ ಹೂಡಿದರು: ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವಾಗ ಕಂಪ್ಯೂಟರಿಗೆ ಓದಲು ಬಾರದ ಪದಗಳನ್ನೇ ನಮ್ಮ ಮುಂದಿಟ್ಟರು. ನಾವು ಟಿಕೆಟ್ ಬುಕ್ ಮಾಡುತ್ತ, ಬಿಲ್ ಕಟ್ಟುತ್ತ, ಬೈಯುತ್ತ, ನ್ಯೂಯಾರ್ಕ್ ಟೈಮ್ಸಿನ ಹಳೆಯ ಸಂಚಿಕೆಗಳನ್ನು ಓದಿಕೊಟ್ಟೆವು. 2009ರಲ್ಲಿ ಗೂಗಲ್ ಇದನ್ನು ಕೊಂಡಿತು. ಆಮೇಲೆ ಮನೆ ನಂಬರು, ಬಸ್ಸು, ಜೀಬ್ರಾ ಪಟ್ಟೆ. ಒಳಗೆ ಹೋಗಲು ನಮಗೆ ಅನುಮತಿ ಬೇಕಿತ್ತು. ಯಂತ್ರಕ್ಕೆ ನಮ್ಮ ಕಣ್ಣು ಬೇಕಿತ್ತು. ಪರಾಗ ಹಚ್ಚದೆ ಒಳಗೆ ಬಿಡುವುದಿಲ್ಲ ಎಂಬ ನಿಯಮ ಮಾತ್ರ ಹಳೆಯದೇ. ಸಂಬಳವೇ? ಬಿಲ್ ಕಟ್ಟಲು ಬಿಟ್ಟರಲ್ಲ, ಅದೇ.

ದಾರಿ ತೋರಿಸುವ ನಕ್ಷೆಯದ್ದೂ ಇದೇ ಹಣೆಬರಹ. ಸಿಲ್ಕ್ ಬೋರ್ಡ್ ಹತ್ತಿರ ರಸ್ತೆ ಕೆಂಪಾಗಿದೆ ಎಂದು ಫೋನು ಹೇಳಿದರೆ ನಾವು ಅದರ ಸರ್ವಜ್ಞತನಕ್ಕೆ ತಲೆದೂಗುತ್ತೇವೆ. ಅದಕ್ಕೆ ಹೇಗೆ ಗೊತ್ತಾಯಿತು? ಅಲ್ಲಿ ಸಿಕ್ಕಿಹಾಕಿಕೊಂಡವರ ಜೇಬಿನ ಫೋನುಗಳು ತೆವಳುವ ವೇಗವನ್ನು ಹೇಳಿದವು. ಅಂದರೆ ಆ ಕೆಂಪು ಗೆರೆ ನಾವೇ. ಬರ್ಲಿನ್ನಿನಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ 99 ಫೋನುಗಳನ್ನು ಒಂದು ಸಣ್ಣ ಕೈಗಾಡಿಯಲ್ಲಿ ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದ. ನಕ್ಷೆಯಲ್ಲಿ ಟ್ರಾಫಿಕ್ ಜಾಮ್! 2020ರಲ್ಲಿ ಆ ವಿಡಿಯೋ ನೋಡಿ ಜಗತ್ತು ನಕ್ಕಿತು. ಹೊರಗಿನಿಂದ ಸೂಜಿ ಚುಚ್ಚುವ ಕಣಜ ಎಲ್ಲ ಒಪ್ಪಂದಗಳಲ್ಲೂ ಹುಟ್ಟಿಕೊಳ್ಳುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಅದೇ ವರ್ಷ ಲಾಕ್‌ಡೌನಿನಲ್ಲಿ ನಮ್ಮ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮಳೆಯಲ್ಲಿ ಕೊಡೆ ಹಿಡಿದು, ಪ್ಲಾಸ್ಟಿಕ್ ಕೊಪ್ಪೆ ಕೆಳಗೆ ಕೂತು ಆನ್‌ಲೈನ್ ಪಾಠ ಕೇಳಿದರು. ಭಾವನ ಮಗಳು ಗುಡ್ಡದ ನೆತ್ತಿಯಲ್ಲಿ ಫೋನನ್ನು ಕೊಂಬೆಗೆ ಕಟ್ಟಿ, ಕಾಲಿಗೆ ಉಂಬಳಕ್ಕೆ ಅಂತ ಸುಣ್ಣ ಹಚ್ಚಿಕೊಂಡು ಕೂರುತ್ತಿದ್ದಳು. ನಿಸ್ತಂತು ಎಂದು ಕರೆಯುವ ಸಾಧನವನ್ನು ಮರಕ್ಕೆ ಹಗ್ಗದಲ್ಲಿ ಕಟ್ಟಿದ್ದು. ಆ ಮರ ಯಾವ ಕಂಪನಿಗೂ ಬಿಲ್ ಕಳಿಸಲಿಲ್ಲ, ಉಂಬಳ ಮಾತ್ರ ತನ್ನ ಪಾಲು ತೆಗೆದುಕೊಂಡಿತು.

ಫೋನು ನಮ್ಮನ್ನು ಬಿಟ್ಟಿರಲಾರದು, ಚಾರ್ಜ್ ಹಾಕುವವರು ನಾವೇ ಅಲ್ಲವೇ ಎಂದು ಸಮಾಧಾನ ಪಡುವವರಿದ್ದಾರೆ. ಫೋನಿನ ಮಟ್ಟಿಗೆ ನಿಜ. ಆದರೆ ಫೋನಿನ ಹಿಂದೆ ಇರುವವರು ನಮ್ಮ ಭಾವನ ಜಾತಿಯವರು, ಪೇಪರು ಓದುವವರು. ಆರ್ಕುಟ್ ನೆನಪಿದೆಯೇ? ನಮ್ಮ ಹುಡುಗರು ಅದರಲ್ಲಿ ಸ್ಕ್ರಾಪ್ ಬರೆದೂ ಬರೆದೂ ಅರ್ಧ ಡಿಗ್ರಿ ಕಳೆದುಕೊಂಡರು. 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದರು. ಕೆಲವರು ಅಲ್ಲೇ ಪ್ರೀತಿಸಿ, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ತಮ್ಮ ಮೊದಲ ಪತ್ರಗಳಿದ್ದ ಮನೆಯೇ ಇಲ್ಲ. ನನ್ನ ಹಳೆಯ ಫೋನು ಗಟ್ಟಿಮುಟ್ಟಾಗಿಯೇ ಇದೆ. ಅದಕ್ಕಿನ್ನು ಅಪ್‌ಡೇಟ್ ಬರುವುದಿಲ್ಲವಂತೆ. ಬ್ಯಾಂಕಿನ ಆ್ಯಪ್ ಅದರೊಳಗೆ ಬರಲು ಒಲ್ಲೆ ಎನ್ನುತ್ತದೆ. ನಾನು ಬೆಳಗಾದರೆ ಅರಳುತ್ತೇನೆ. ಜಗಲಿಯಲ್ಲಿ ಯಾರೋ ಕೂತು ಕವಳ ಹಾಕುತ್ತಿದ್ದಾರೆ.

2017ರಲ್ಲಿ ಮಡಗಾಸ್ಕರಿಗೆ ಮತ್ತೊಂದು ಚಂಡಮಾರುತ ಬಂತು, ವೆನಿಲ್ಲಾ ಬೆಲೆ ಮತ್ತೆ ಆಕಾಶಕ್ಕೆ. ಭಾವ ಕತ್ತಿ ಹಿಡಿದು ತೋಟಕ್ಕೆ ಓಡಿ, ಕಳೆಯ ನಡುವೆ ಹಳೆಯ ಬಳ್ಳಿ ಹುಡುಕಿದರು. ಒಂದೆರಡು ಕೊಳೆ ರೋಗ ಗೆದ್ದು ಬದುಕಿದ್ದವು. ಅವನ್ನು ಕೈಯಲ್ಲಿ ಹಿಡಿದು ಒಳಗೆ ಬಂದಾಗ ಅಕ್ಕ ಮೊದಲು ಮಾಡಿದ ಕೆಲಸ ಕಂಬಳಿಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದು. ಬಳ್ಳಿ ಚಿಗುರುವಷ್ಟರಲ್ಲಿ ರೇಟು ಮತ್ತೆ ಇಳಿಯಿತು. ಈಗ ಅವರ ಕಣ್ಣು ಡ್ರ್ಯಾಗನ್ ಹಣ್ಣಿನ ಮೇಲೆ ಬಿದ್ದಿದೆ. ಅದು ಮಧ್ಯ ಅಮೆರಿಕದ ಕಡೆಯ ಕಳ್ಳಿ. ಹೂ ಅರಳುವುದು ರಾತ್ರಿ, ಬೆಳಗಾಗುವಷ್ಟರಲ್ಲಿ ಮುದುಡುತ್ತದೆ. ತೌರಿನಲ್ಲಿ ಬಾವಲಿ, ದೊಡ್ಡ ಪತಂಗಗಳು ಬಂದು ಪರಾಗಸ್ಪರ್ಶ ಮಾಡುತ್ತವೆ. ಕೆಲವು ತಳಿಗಳಿಗೆ ಇಲ್ಲಿ ಮನುಷ್ಯರೇ ಬ್ರಷ್ ಹಿಡಿದು ಹೋಗಬೇಕು.

'ಇಷ್ಟು ದಿನ ಹಗಲು ನೊಣ ಆಗಿದ್ರಿ. ಇನ್ನು ರಾತ್ರಿ ಬಾವಲಿ ಆಗ್ತೀರೋ?' ಎಂದು ಅಕ್ಕ ಕೇಳಿದಳು. ಭಾವ ಗಂಭೀರವಾಗಿ, ಆದಾಯ ಬರುವುದಾದರೆ ಬಾವಲಿಯಾದರೇನು ಅಂದರು. 'ಆಗಿ, ನಂಗೇನು. ಹೋಗುವಾಗ ಆ ಹಾಳು ಫೋನು ಮಾತ್ರ ಮನೆಯಲ್ಲಿಟ್ಟು ಹೋಗಿ. ತೋಟದಲ್ಲಿ ಕೂತು ಬೆಳಗಿನ ತನಕ ವಿಡಿಯೋ ನೋಡೋದು ಬೇಡ.'

'ಟಾರ್ಚ್ ಇರೋದೇ ಅದರಲ್ಲಿ ಮಾರಾಯ್ತಿ!' ಎಂದರು ಭಾವ.